ಕುದಿ ಬಂದ ಮೇಲೆ

ನಾನು ಸಿಟ್ಟಿನ ಟೀಚರು, ತಳಕಲ್ಲಿನ ಹೈಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಸಂಜೆಯ ಸ್ಪೆಷಲ್ ಕ್ಲಾಸಿಗೆ ಚಕ್ಕರ್ ಹೊಡೆಯುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಹತ್ತನೆಯ ಕ್ಲಾಸಿನ ಹುಲಗಮ್ಮ ಗಂಟೆ ಹೊಡೆದ ಕೂಡಲೇ ಓಡುತ್ತಿದ್ದಳು. ಗದರಿಸಿದರೆ, "ಕಟಗಿ ತರಬೇಕ್ರಿ ಟೀಚರ್, ಆಯಿಗೆ ಮೊಣಕಾಲ ನೋವು" ಎಂದು ಅಜ್ಜಿಯ ನೆಪ ಹೇಳುವಳು. ಪರೀಕ್ಷೆ ಹತ್ತಿರ ಬಂದಿತ್ತು. ಹೀಗೇ ಹೋದರೆ ನಾನು ಕಲಿಸುವ ಗಣಿತ, ವಿಜ್ಞಾನದಲ್ಲಿ ಅವಳು ಪಾಸಾಗುವಂತಿರಲಿಲ್ಲ.

ಅವತ್ತು ಗುಪ್ತೋಷ್ಣದ ಪಾಠ. ಸ್ಟೌ ಮೇಲೆ ನೀರಿಟ್ಟು ಥರ್ಮಾಮೀಟರ್ ಇಳಿಬಿಟ್ಟೆ. ಪಾದರಸ ಏರುತ್ತ ಹೋಗಿ, ನೀರು ಕೊತಕೊತ ಕುದಿಯತೊಡಗಿದ ಕೂಡಲೇ ನಿಂತುಬಿಟ್ಟಿತು. ಉರಿ ಜೋರು ಮಾಡಿದರೂ ಕದಲಲಿಲ್ಲ.

"ಉರಿ ಎಲ್ಲಿ ಹೋತು?" ಎಂದೆ. ನಾನೇ ಹೇಳಿದೆ: "ನೀರನ್ನ ಉಗಿ ಮಾಡಾಕ ಹೋತು. ಎಷ್ಟ ಉರಿ ಹಾಕಿದ್ರೂ ಉಗಿ ಹೆಚ್ಚಾಗತೈತಿ, ನೀರಿನ ಬಿಸಿ ಹೆಚ್ಚಾಗಂಗಿಲ್ಲ."

ಹುಲಗಮ್ಮ ಎದ್ದು ನಿಂತಳು. "ಹಂಗಾದ್ರ ಕುದಿ ಬಂದಮ್ಯಾಗ ಸಣ್ಣ ಉರಿ ಇಟ್ರೂ ಬ್ಯಾಳಿ ಅಷ್ಟ ಲಗೂ ಬೇಯತೈತೇನ್ರಿ?"

"ಕುದಿ ನಿಲ್ಲಬಾರದು, ಅಷ್ಟ."

"ಆಯಿ ಕೊನೀತನಕ ಒಲಿ ತುಂಬ ಕಟಗಿ ತುರುಕತಾಳ್ರಿ. ಅರ್ಧ ಉಳದ್ರ ನಾ ದಿನಾ ಹೋಗೂದು ತಪ್ಪತೈತಿ. ನೀವ ಬಂದು ಹೇಳ್ರಿ."

ಸಂಜೆ ಅವರ ಮನೆಗೆ ಹೋಗಿ ಹೇಳಿದೆ. ಅಜ್ಜಿ ಮುದಕಮ್ಮ ನಕ್ಕಳು. "ಸಾಲಿ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೇರಿ ಅಕ್ಕೋರ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಹುಲಗಮ್ಮ ವೇಲನ್ನು ಸೊಂಟಕ್ಕೆ ಬಿಗಿದಳು. "ಆಯಿ, ನೀ ಒಂದು ಒಲಿ ಹಚ್ಚು, ನಾ ಒಂದು ಹಚ್ತೀನಿ."

ಎರಡೂ ಗಡಿಗೆಗೆ ಅಷ್ಟೇ ತೊಗರಿ ಬೇಳೆ, ಅಷ್ಟೇ ನೀರು. ಎರಡೂ ಕುದಿ ಬಂದಾಗ ಹುಲಗಮ್ಮ ತನ್ನ ಒಲೆಯ ಕಟ್ಟಿಗೆಗಳನ್ನು ಹಿರಿದು ಒಂದನ್ನಷ್ಟೇ ಬಿಟ್ಟಳು. ಅಜ್ಜಿ ತನ್ನದಕ್ಕೆ ಇನ್ನಷ್ಟು ತುರುಕಿ, "ಇವತ್ತ ಹಸೀ ಬ್ಯಾಳಿ ತಿನ್ನು" ಎಂದು ಛೇಡಿಸಿದಳು. ಬೇಯದಿದ್ದರೆ ಹುಡುಗಿಯ ಸಂಜೆ ಕ್ಲಾಸಿಗೆ ಎಳ್ಳುನೀರು. ಅವಳು ಮಾತ್ರ ಕುದಿಯ ಮೇಲಿನ ಕಣ್ಣು ಕೀಳಲಿಲ್ಲ.

ಕಡೆಗೆ ಮುದಕಮ್ಮ ಎರಡೂ ಗಡಿಗೆಯಿಂದ ಒಂದೊಂದು ಕಾಳು ತೆಗೆದು ಹಿಚುಕಿದಳು. ನಂಬದೆ ಮತ್ತೊಮ್ಮೆ ಹಿಚುಕಿದಳು. ಎರಡೂ ಒಂದೇ ಹದಕ್ಕೆ ಬೆಂದಿದ್ದವು. ಅವಳ ಕೈ ತಾನಾಗಿ ನೆತ್ತಿಗೆ ಹೋಯಿತು. ಹೊರೆ ಹೊತ್ತು ಹೊತ್ತು ಅಲ್ಲಿ ಕೂದಲು ಸವೆದಿತ್ತು.

"ಅಯ್ಯ ಶಿವನ! ಇಷ್ಟ ವರ್ಸ ನಾ ಹೊತ್ತ ಕಟಗ್ಯಾಗ ಅರ್ಧ ಬರೇ ಉಗಿ ಆಗಿ ಹೋತೇನು?"

ನನ್ನ ಕಣ್ಣು ತುಂಬಿತು. ಹೊಗೆಗೆ ಎಂದು ಸುಳ್ಳು ಹೇಳಲಾರೆ.

ಅವಳು ತನ್ನ ಒಲೆಯ ಕಟ್ಟಿಗೆ ಹಿರಿದು ನೀರು ಚಿಮುಕಿಸಿದಳು. "ನಾಳಿ ಕಟಗಿಗಿ ಹೋಗಬ್ಯಾಡ," ಎಂದಳು ಮೊಮ್ಮಗಳಿಗೆ. "ಸಾಲ್ಯಾಗ ಕುಂಡ್ರು. ಇನ್ನೇನೇನ ಹೇಳ್ತಾರ, ಎಲ್ಲಾ ಕೇಳ್ಕೊಂಡ ಬಾ."