ಎಲ್ಲೋ ಒಂದು ಕಡೆ

"ಅಯ್ಯೋ ಮಗಾ, ವಯಸ್ಸಾದವಳ ಹತ್ರ ಯಾಕೆ ಸುಳ್ಳು ಹೇಳ್ತೀಯ? ಬಿಸಿನೀರು ನಲ್ಲೀಲಿ ಬರುತ್ತೋ, ಇಲ್ಲಾ ಬರೀ ಬೋರ್ಡಿನಲ್ಲಿ ಬರುತ್ತೋ?"

ಫೋನಿನ ಆ ತುದಿಯಲ್ಲಿದ್ದ ಲಾಡ್ಜ್ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಅಮ್ಮಾ, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಬೆಳಿಗ್ಗೆ ಮೊದಲು ಎದ್ದೋರಿಗೆ ಬರುತ್ತೆ. ಆಮೇಲೆ ಎದ್ದೋರಿಗೆ ನೀರು ಬರುತ್ತೆ, ಬಿಸಿ ಬರಲ್ಲ."

"ಸತ್ಯ ಹೇಳಿದ್ಯಲ್ಲ, ತಣ್ಣಗಿರು," ಎಂದು ಹರಸಿ ಫೋನಿಟ್ಟ ಮುದುಕಿ ಮೀಸೆ ತುರಿಸಿಕೊಂಡಳು.

ಮುದುಕಿ ಎಂದರೆ ಗಿಳಿ. ಮನೆಯ ಕಿರಿಮಗ. ಎರಡು ಮಾತು ಕೇಳಿದರೆ ಸಾಕು, ಆಡಿದವರ ಮೂಗು, ಗಂಟಲು, ಕೆಮ್ಮು ಎಲ್ಲವನ್ನೂ ಎತ್ತಿಕೊಂಡು ಬರುತ್ತಿದ್ದುದರಿಂದ ಆ ಹೆಸರು ಅಂಟಿ, ಶಾಲೆಯಲ್ಲಿ ಬರೆಸಿದ ಹೆಸರು ಶಾಲೆಯಲ್ಲೇ ಉಳಿಯಿತು. ಈಗ ಜಾಹೀರಾತುಗಳಿಗೆ ದನಿ ಕೊಡುವುದೇ ಅವನ ಹೊಟ್ಟೆಪಾಡು. ಸದ್ದು ತಡೆಯಲು ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಬೆಳಿಗ್ಗೆ ಬೆನ್ನುನೋವಿನ ಅಜ್ಜನಾದರೆ, ಮಧ್ಯಾಹ್ನ ಆ ಅಜ್ಜನ ಮುಲಾಮಿನ ಡಬ್ಬಿಯಾಗುತ್ತಿದ್ದ.

ಈ ಸಲ ಮನೆಯವರೆಲ್ಲ ದಕ್ಷಿಣದ ಕಡೆ ಹೊರಟಿದ್ದರು. ಮೊದಲು ಒಂದು ಬೆಟ್ಟದೂರು, ಆಮೇಲೆ ಕಡಲ ಪಕ್ಕದ್ದು, ಕೊನೆಗೆ ಹೊಳೆ ದಂಡೆಯದ್ದು. ಉಳಿಯುವ ಜಾಗ ಆರಿಸುವ ಕೆಲಸ ಗಿಳಿಯ ಕೊರಳಿಗೆ ಬಿದ್ದಿತ್ತು. ಹೋದ ಸಲ ಅಣ್ಣ ಆರಿಸಿ ಕೈಸುಟ್ಟುಕೊಂಡಿದ್ದ. ಕೋಣೆಯಿಂದ ಕಡಲು ಕಾಣುತ್ತದೆ ಎಂದು ನಂಬಿ ಹೋದರೆ, ಕಾಣುತ್ತಿದ್ದುದು ಗೋಡೆಗೆ ತೂಗುಹಾಕಿದ್ದ ಕಡಲಿನ ಚಿತ್ರ. ಅಪ್ಪ ಅದರ ಕಡೆ ಬೆನ್ನು ಹಾಕಿ ಕೂತು ಪ್ರವಾಸ ಮುಗಿಸಿದ್ದರು.

ಗಿಳಿಗೆ ಒಂದು ಗುಟ್ಟು ಗೊತ್ತಿತ್ತು. ಗಂಡು ದನಿಯಲ್ಲಿ ಕೇಳಿದರೆ "ಎಲ್ಲಾ ಫಸ್ಟ್ ಕ್ಲಾಸ್ ಸಾರ್" ಎನ್ನುವವರು, ಅಮ್ಮನ ದನಿಯಲ್ಲಿ ಕೇಳಿದರೆ ಸೋರುವ ಮೂಲೆಯನ್ನೂ ತೋರಿಸುತ್ತಾರೆ. ಅಮ್ಮನನ್ನು ಅನುಕರಿಸುವುದಂತೂ ಅವನಿಗೆ ನೀರು ಕುಡಿದಷ್ಟು ಸುಲಭ. ಮದುವೆಮನೆಗಳಲ್ಲಿ ನೆಂಟರು ಒತ್ತಾಯ ಮಾಡಿ ಮಾಡಿಸುತ್ತಿದ್ದರು. ಸೆರಗು ಎಳೆದುಕೊಂಡಂತೆ ಮಾಡಿ, ಕತ್ತು ಒಂದಿಷ್ಟು ವಾರೆಮಾಡಿ, "ನಂಗೇನು, ಎಲ್ಲೋ ಒಂದು ಕಡೆ ಬಿದ್ಕೋತೀನಿ" ಎಂದರೆ ಮುಗಿಯಿತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಮಾತು ಅವಳದೇ. ಎಲ್ಲಿಗೆ ಹೋದರೂ ಉಳಿದವರು ಮಂಚ ಹಿಡಿದ ಮೇಲೆ ಮಿಕ್ಕ ಜಾಗ ಅವಳದಾಗುತ್ತಿತ್ತು: ಮೊಮ್ಮಕ್ಕಳ ನಡುವಿನ ಸಂದು, ಬಾಗಿಲಿನ ಅಡ್ಡ, ಒಮ್ಮೆ ಎರಡು ಸೂಟ್‌ಕೇಸುಗಳ ಮಧ್ಯೆ.

ಬೆಟ್ಟದೂರಿನ ಜಾಗವೂ ಕಡಲೂರಿನದೂ ಗೊತ್ತುಮಾಡಿಯಾಯಿತು. ಗಿಳಿ ಹೊಳೆ ದಂಡೆಯ ವಸತಿಗೃಹಕ್ಕೆ ಫೋನ್ ಹಚ್ಚಿದ. ಎತ್ತಿದವಳು ಅದರ ಯಜಮಾನಿ.

"ನೋಡಮ್ಮಾ," ಗಿಳಿ ಅಮ್ಮನ ದನಿ ಹೊದ್ದುಕೊಂಡ, "ನಮ್ಮನೆಯವರಿಗೆ ನೆಲದ ಮಟ್ಟದ ರೂಮಾಗಬೇಕು, ಮೆಟ್ಟಿಲು ಕಂಡ್ರೆ ಸಿಟ್ಟು. ದೊಡ್ಡ ಮಗನಿಗೆ ಕಾರು ಕಣ್ಣಿಗೆ ಕಾಣ್ತಿರಬೇಕು. ಸೊಸೆಗೆ ಬಚ್ಚಲು ಒಣಗಿರಬೇಕು. ಮಕ್ಕಳಿಗೆ ಓಡಾಡೋಕೆ ಜಾಗ. ಚಿಕ್ಕವನೊಬ್ಬ ಇದಾನೆ, ಅವನಿಗೆ ಎಲ್ಲಾದ್ರೂ ಮಾತಾಡೋಕೆ ಜನ ಇದ್ರೆ ಸಾಕು."

ಯಜಮಾನಿ ನಕ್ಕಳು. "ಎಲ್ಲಾ ಆಗುತ್ತೆ. ಆದ್ರೆ ಎಲ್ಲರದ್ದೂ ಹೇಳಿದ್ರಿ, ನಿಮ್ಮದು ಹೇಳಲಿಲ್ಲ. ನಿಮಗೇನು ಬೇಕಮ್ಮಾ?"

"ನಂಗೇನು, ಎಲ್ಲೋ ಒಂದು ಕಡೆ..."

"ಎಲ್ಲೋ ಒಂದು ಕಡೆ ಅನ್ನೋ ರೂಮು ನಮ್ಮಲ್ಲಿಲ್ಲ ಕಣಮ್ಮಾ. ಸರಿಯಾಗಿ ಹೇಳಿ."

ಗಿಳಿ ಬಾಯಿ ತೆರೆದ. ದನಿ ಸಿದ್ಧವಾಗಿತ್ತು, ಉಸಿರು ಸಿದ್ಧವಾಗಿತ್ತು, ಕತ್ತು ಕೂಡ ವಾರೆಯಾಗಿತ್ತು. ಹೇಳಲು ಏನೂ ಇರಲಿಲ್ಲ. ಅಮ್ಮನಿಗೆ ಕಿಟಕಿ ಇಷ್ಟವೋ, ಫ್ಯಾನು ಬೇಕೋ, ಬಲಮಗ್ಗುಲೋ ಎಡಮಗ್ಗುಲೋ? "ಆಮೇಲೆ ಮಾಡ್ತೀನಿ" ಎಂದು ಕೆಮ್ಮಿ ಫೋನಿಟ್ಟ.

ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಎದೆಗೊತ್ತಿಕೊಂಡ ಒಣಗಿದ ಬಟ್ಟೆಯ ರಾಶಿಯ ಮೇಲೆ ಬರೀ ಮುಖ ಕಾಣುತ್ತಿತ್ತು.

"ನಾನು ಮೂಗಲ್ಲಿ ಅಷ್ಟು ಮಾತಾಡಲ್ಲ," ಎಂದಳು.

"ಅಮ್ಮಾ, ತಮಾಷೆಗೆ..."

"ಗೊತ್ತು ಬಿಡೋ. ಏನು ಕೇಳಿದ್ಳು ಅವಳು, ಕಡೇಲಿ?"

"ನಿಂಗೇನು ಬೇಕು ಅಂತ."

ಅಮ್ಮ ಬಟ್ಟೆಯನ್ನು ಮಂಚದ ಮೇಲೆ ಸುರಿದು ಮಡಚಲು ಕೂತಳು. ಅಪ್ಪನ ಅಂಗಿ, ಅಣ್ಣನ ಅಂಗಿ, ಮೊಮ್ಮಗಳ ಲಂಗ. ಅವಳ ಸೀರೆ ಬಂದಾಗ ಅದನ್ನು ಪಕ್ಕಕ್ಕಿಟ್ಟು ಮತ್ತೆ ಉಳಿದವರ ಬಟ್ಟೆಗೆ ಕೈಹಾಕಿದಳು. ಗಿಳಿ ಕಾದ.

"ಅವಳಿಗೆ ಮತ್ತೆ ಫೋನ್ ಮಾಡು," ಎಂದಳು ಅಮ್ಮ. "ಇಲ್ಲಿ ಕೊಡು."

ಯಜಮಾನಿಯ ದನಿ ಗಿಳಿಗೂ ಕೇಳಿಸುವಷ್ಟು ಗಟ್ಟಿ. "ಏನಮ್ಮಾ, ಗಂಟಲು ಬೇರೆ ಥರ ಇದೆ?"

"ಆಗ ಕಟ್ಟಿತ್ತು," ಎಂದಳು ಅಮ್ಮ, ಮಗನನ್ನು ನೋಡುತ್ತ. "ನಂಗೆ ಒಂದು ರೂಮು ಬೇಕು. ಒಬ್ಬಳಿಗೆ. ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋ ಹಾಗೆ."

"ಮೇಲ್ಗಡೆ ಒಂದಿದೆ. ಒಂದೇ ಮಂಚದ್ದು. ಮೆಟ್ಟಿಲು ಹತ್ತಬೇಕಲ್ಲ, ನಿಮ್ಮ ಮಂಡಿ ಹೇಗೆ?"

"ಮಂಡಿ ನಂದು, ನಾನು ನೋಡ್ಕೋತೀನಿ."

ಊಟದ ಹೊತ್ತಿಗೆ ಸುದ್ದಿ ಹೊರಬಿದ್ದಾಗ ಮನೆಗೆ ಸಿಡಿಲು ಬಡಿದಂತಾಯಿತು.

"ಜಗಳ ಆಡಿದ್ರಾ ಇಬ್ರೂ?" ಎಂದ ಅಣ್ಣ.

"ಇಲ್ಲಪ್ಪ."

"ನನ್ನ ಗೊರಕೆನಾ?" ಎಂದರು ಅಪ್ಪ.

"ಅದು ಅಭ್ಯಾಸ ಆಗಿದೆ."

"ಮತ್ತೆ ಏನು? ಜನ ಏನಂದ್ಕೋತಾರೆ?"

"ಜನ ಅವರವರ ರೂಮಲ್ಲಿ ಇರ್ತಾರೆ," ಎಂದಳು ಅಮ್ಮ. ಅತ್ತಿಗೆ ತಲೆ ತಗ್ಗಿಸಿ ತಟ್ಟೆಗೆ ನಕ್ಕಳು.

ಮರುದಿನ ಕೆಲಸಕ್ಕೆ ಹೊರಟ ಗಿಳಿಯನ್ನು ಅಪ್ಪ ಗೇಟಿನ ಬಳಿ ತಡೆದರು. ಚಪ್ಪಲಿ ಹಾಕಿಕೊಳ್ಳದೆ ಬಂದಿದ್ದರು.

"ನಿಂಗೆ ಅವಳ ದನಿ ಬರುತ್ತಲ್ಲ."

"ಬರುತ್ತೆ."

"ಆ ಯಜಮಾನಿಗೆ ಫೋನ್ ಮಾಡಿ, ಅವಳ ಹಾಗೇ, ಮೇಲಿನ ರೂಮು ಬೇಡ ಅಂದುಬಿಡು. ಇವಳಿಗೆ, ಖಾಲಿ ಇಲ್ವಂತೆ ಅಂದ್ರಾಯ್ತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." ಗೇಟಿನ ತುಕ್ಕನ್ನು ಉಗುರಿನಿಂದ ಕೆರೆದರು. "ಮದುವೆ ಆದಾಗಿಂದ ಒಂದು ಸಲನೂ ಹೀಗೆ ಕೇಳಿದೋಳಲ್ಲ ಕಣೋ. ನಾನೇನು ಮಾಡಿದೆ?"

ಗಿಳಿಗೆ ಅಪ್ಪನ ಆ ದನಿ ಹೊಸದು. ಅವನ ಸಂಗ್ರಹದಲ್ಲಿದ್ದುದು ಗದರುವ ಅಪ್ಪ, ಲೆಕ್ಕ ಕೇಳುವ ಅಪ್ಪ, ಸೀನುವ ಅಪ್ಪ. ಇದನ್ನು ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. "ನೋಡ್ತೀನಿ ಅಪ್ಪ," ಎಂದ.

ಎರಡು ಜಾಹೀರಾತುಗಳ ನಡುವೆ ಸ್ಪಂಜಿನ ಕೋಣೆಯಲ್ಲಿ ಅವನೊಬ್ಬನೇ ಉಳಿದ. ಬಾಗಿಲು ಮುಚ್ಚಿದರೆ ಹೊರಗಿನ ಒಂದು ಸದ್ದೂ ಒಳಗೆ ಬಾರದು. ಎಷ್ಟೋ ದಿನ ಕೆಲಸ ಮುಗಿದ ಮೇಲೂ, ಯಾರೂ ಕರೆಯದ ಆ ಐದು ನಿಮಿಷಕ್ಕಾಗಿ ಅವನು ಅಲ್ಲಿ ಸುಮ್ಮನೆ ಕೂತಿರುತ್ತಿದ್ದ. ಮನೆಯಲ್ಲಿ ಹಾಗೆ ಕೂರಲು ಅಮ್ಮನಿಗೆ ಯಾವ ಮೂಲೆಯಿದೆ ಎಂದು ಒಂದೊಂದೇ ಕೋಣೆಯನ್ನು ನೆನೆದ. ಬಚ್ಚಲಿನ ಬಾಗಿಲನ್ನು ಕೂಡ ಯಾರಾದರೂ ತಟ್ಟುತ್ತಲೇ ಇರುತ್ತಾರೆ.

ನಂಬರ್ ಒತ್ತಿದ.

"ಹೇಳಿ," ಎಂದಳು ಯಜಮಾನಿ. "ಅಮ್ಮನವರಾ?"

ಅಮ್ಮನ ದನಿ ನಾಲಿಗೆಯ ತುದಿಗೆ ತಾನಾಗಿ ಬಂದು ಕೂತಿತು. ಗಿಳಿ ಅದನ್ನು ನುಂಗಿದ.

"ಅವರ ಮಗ ಮಾತಾಡ್ತಿರೋದು," ಎಂದ. ಬಾಡಿಗೆಗೆ ಕೊಡದ ತನ್ನ ದನಿ ತುಸು ಒರಟಾಗಿ ಕೇಳಿಸಿತು. "ಅಮ್ಮ ಕೇಳಿದ್ರಲ್ಲ, ಮೇಲಿನ ರೂಮು. ಅದು ಖಾಯಂ. ಬೇರೆ ಯಾರು ಫೋನ್ ಮಾಡಿ ಬೇಡ ಅಂದ್ರೂ ಬಿಡಬೇಡಿ."

ಸಂಜೆ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಅಪ್ಪ ಬೆಟ್ಟದೂರು ಮುಟ್ಟುವವರೆಗೆ ಅವನೊಡನೆ ಮಾತು ಬಿಟ್ಟರು. ಬೆಟ್ಟದಲ್ಲಿ ಚಳಿ ತಾಳದೆ ಶಾಲು ಕೇಳಲು ಬಾಯಿ ಬಿಟ್ಟರು. ಕಡಲೂರಿನಲ್ಲಿ ಕಿಟಕಿ ತೆಗೆದರೆ ನಿಜವಾದ ಕಡಲೇ ಇತ್ತು. ಅಮ್ಮ ಎರಡೂ ಕಡೆ ಮೊಮ್ಮಕ್ಕಳ ನಡುವಿನ ಸಂದಿನಲ್ಲೇ ಮಲಗಿದಳು, ಚಕಾರವೆತ್ತಲಿಲ್ಲ.

ಹೊಳೆ ದಂಡೆಯ ಊರು ತಲುಪಿದಾಗ ಮಧ್ಯಾಹ್ನ. ಯಜಮಾನಿ ಕೀಲಿಕೈ ಕೊಟ್ಟಳು. ಅಮ್ಮ ತನ್ನ ಚೀಲವನ್ನು ಯಾರ ಕೈಗೂ ಕೊಡದೆ, ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಹೋದಳು. ಚಿಲಕದ ಸದ್ದು ಕೆಳಗಿನವರೆಗೆ ಕೇಳಿಸಿತು.

ಉಳಿದವರು ಕೆಳಗಿನ ಕೋಣೆಯಲ್ಲಿ ಮಂಚ ಹಿಡಿದರು. ಅತ್ತಿಗೆ ಬಚ್ಚಲಿನ ನೆಲಕ್ಕೆ ಕಾಲು ತಾಗಿಸಿ ನೋಡಿ, ಒಣಗಿದೆ ಎಂದಳು. ಅಪ್ಪ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಗೊರಕೆ ಬರಲಿಲ್ಲ.

ಮೇಲೆ ಏನೋ ಕಿರ್ರೆಂದಿತು. ಭಾರದ ಮರವೊಂದು ನೆಲವನ್ನು ಉಜ್ಜುತ್ತ ಒಂದಿಷ್ಟು ದೂರ ಹೋಗಿ ನಿಂತಿತು.

"ಮಂಚ ಎಳೀತಿದಾಳೆ," ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ.

ಅಣ್ಣ ಎದ್ದ. "ಹೋಗಿ ಒಂದು ಕೈ ಹಿಡೀತೀನಿ. ಮಂಡಿ ಬೇರೆ..."

"ಕೂತ್ಕೋ," ಎಂದರು ಅಪ್ಪ.

ಅಣ್ಣ ಕೂತ. ಮೊಮ್ಮಗಳು ಅಜ್ಜನ ಪಕ್ಕಕ್ಕೆ ಬಂದು, ಅವರಂತೆಯೇ ಅಂಗಾತ ಮಲಗಿ ಚಾವಣಿ ನೋಡತೊಡಗಿದಳು. ಅಪ್ಪ ಈಗ ಕಣ್ಣು ತೆರೆದಿದ್ದರು. ಮೇಲಿನ ಸದ್ದು ಮತ್ತೆ ಹೊರಟು ಗೋಡೆಯ ತನಕ ಹೋಯಿತು, ಅಲ್ಲಿ ತುಸು ತಡೆಯಿತು, ಮನಸ್ಸು ಬದಲಿಸಿದಂತೆ ತಿರುಗಿ ಹೊಳೆಯಿದ್ದ ಕಡೆಗೆ ಮೆಲ್ಲಗೆ ಸಾಗಿತು. ಅದು ಹೋದ ದಿಕ್ಕಿಗೆಲ್ಲ ಅಪ್ಪನ ಕಣ್ಣುಗಳೂ ಚಾವಣಿಯ ಮೇಲೆ ಹೋದವು.