ಕೇರಿಗೆ ಎಂಬತ್ತೈದು

"ಬಡೀರೋ ಬೋಳಿಮಕ್ಳಾ! ಕೈಗೇನ್ ಲಕ್ವ ಹೊಡ್ದೈತಾ? ಸರ್ಕಾರದ ಮಿಷಿನ್ನು ಕಣ್ರೋ ಅದು. ಇನ್ನೂ ಜೋರಾಗ್ ಬಡೀರಿ!"

ಹೀಗೆ ಕೂಗುತ್ತಿದ್ದವರು ನಮ್ಮೂರ ಯಜಮಾನರಾದ ಆದಿನಾರಾಯಣಪ್ಪನವರು. ಬಡಿಯುತ್ತಿದ್ದವರು ಕೇರಿಯ ಒಂಬತ್ತು ಜನ ತಮಟೆಯವರು, ಅದರಲ್ಲಿ ನಾನೂ ಒಬ್ಬ. ನಮ್ಮ ನಡುವೆ ಮೂರು ಕಾಲಿನ ಕೋಲಿನ ಮೇಲೆ ಸಣ್ಣದೊಂದು ಮೈಕು ನಿಂತಿತ್ತು. ಅದರಾಚೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಇಂಜಿನಿಯರ್ ಸುನಿಲ್‌ಕುಮಾರ್ ಕೂತಿದ್ದ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದ.

ಸರ್ಕಾರದವರು ತಮಟೆಯ ಸದ್ದು ಅಳೆಯುತ್ತಾರೆ, ಜಾಸ್ತಿ ಬಂದರೆ ಕಲಾವಿದರ ಮಾಸಾಶನ ಮಂಜೂರಾಗುತ್ತದೆ ಎಂದು ಹಿಂದಿನ ದಿನ ಯಜಮಾನರೇ ಬಂದು ಹೇಳಿ ಹೋಗಿದ್ದರು. ಓಟು ಕೇಳುವುದಕ್ಕೂ ಕೇರಿಯೊಳಗೆ ಕಾಲಿಡದ ಮನುಷ್ಯ. ನಾವು ನಂಬಿಬಿಟ್ಟೆವು. ಪಿಳ್ಳಣ್ಣ ಆ ಮಾಸಾಶನದ ಅರ್ಜಿ ಹಿಡಿದು ಹನ್ನೊಂದು ವರ್ಷ ಅಲೆದ ಮುದುಕ. ಅವನಂತೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಳಗಾಗುವ ಮೊದಲೇ ಬೆಂಕಿ ಹಾಕಿ ತಮಟೆ ಕಾಯಿಸುತ್ತಾ ಕೂತಿದ್ದ.

"ಇಲ್ಲಿ ದಿನಾ ಹಿಂಗೇನಾ ಸರ್?" ಎಂದು ಇಂಜಿನಿಯರ್ ಕೇಳಿದ.

"ದಿನಾ ಹಿಂಗೇ ಕಣಪ್ಪ. ಈ ನನ್ಮಕ್ಳು ತಮಟೆ ಬಡೀದೆ ಮುದ್ದೆ ನುಂಗಲ್ಲ."

ಅದನ್ನೂ ನಾವು ಹೊಗಳಿಕೆ ಎಂದುಕೊಂಡು ಹಲ್ಲು ಬಿಟ್ಟೆವು.

ಮಧ್ಯಾಹ್ನ ಹೊಸಕೋಟೆಯಿಂದ ಬಿರಿಯಾನಿ ಬಂತು. ತಲೆಗೊಂದು ಡಬ್ಬಿ, ಡಬ್ಬಿಗೆರಡು ತುಂಡು. ಆಮೇಲೆ ಯಜಮಾನರ ಮನೆಯ ಹತ್ತಿರವೂ ಅಳೆದರಂತೆ. ಆಗ ಬೋರ್‌ವೆಲ್ ಮೋಟರು ನಿಲ್ಲಿಸಿ, ನಾಯಿಯನ್ನು ತೋಟಕ್ಕೆ ಸಾಗಿಸಿ, ಬಳೆ ಸದ್ದಾಗುತ್ತದೆಂದು ಅಂಗಳ ಗುಡಿಸುವ ಅಂಜಿನಮ್ಮನನ್ನೂ ಮನೆಗೆ ಅಟ್ಟಿದ್ದರು.

ಯುಗಾದಿ ಕಳೆಯುತ್ತಲೇ ಕೇರಿಗೆ ಅಂಟಿಕೊಂಡ ಅವರ ಜಮೀನಿನಲ್ಲಿ ಗೋದಾಮಿನ ಕೆಲಸ ಶುರುವಾಯಿತು. ಅಗೆದಲ್ಲೆಲ್ಲ ಬಂಡೆ. ಬಂಡೆ ಒಡೆಯಲು ಬ್ರೇಕರ್ ಮಿಷಿನ್ನು ಬಂತು. ಬೆಳಿಗ್ಗೆ ಏಳಕ್ಕೆ ಬಾಯಿ ತೆಗೆದರೆ ಸಂಜೆ ಏಳರವರೆಗೂ ಮುಚ್ಚುತ್ತಿರಲಿಲ್ಲ. ಯಜಮಾನರ ಮನೆಯ ಕಡೆಗೆ ಮಾತ್ರ ಎರಡಾಳೆತ್ತರದ ತಗಡಿನ ಗೋಡೆ ನಿಲ್ಲಿಸಿದ್ದರು. ಅದಕ್ಕೆ ಬಡಿದ ಸದ್ದು ವಾಪಸು ನಮ್ಮ ಮೇಲೇ ಬೀಳುತ್ತಿತ್ತು.

ನನ್ನ ಹೆಂಡತಿ ನರಸಮ್ಮ ದೇವನಹಳ್ಳಿ ಕಡೆಯ ಹೋಟೆಲೊಂದರಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತಾಳೆ. ವ್ಯಾನು ಅವಳನ್ನು ತಂದು ಇಳಿಸುವುದೇ ಬೆಳಿಗ್ಗೆ ಆರೂವರೆಗೆ. ಕೇರಿಯ ಹನ್ನೆರಡು ಹೆಂಗಸರಿಗೆ ಇದೇ ಪಾಳಿ. ಒಂಬತ್ತು ದಿನ ಅವಳು ಕಣ್ಣು ಮುಚ್ಚಲಿಲ್ಲ. ನೆಲ ಒರೆಸುವ ಕೋಲು ಹಿಡಿದೇ ತೂಕಡಿಸಿ ಎರಡು ಸಲ ಸಿಕ್ಕಿಬಿದ್ದಳು. ಮೂರನೇ ಸಲ ಸಿಕ್ಕರೆ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸುತ್ತೇನೆ ಎಂದ ಸೂಪರ್‌ವೈಸರ್. ನಮ್ಮ ಮನೆ ನಡೆಯುವುದೇ ಅವಳ ಆ ಕೆಲಸದಿಂದ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಪಿಳ್ಳಣ್ಣನನ್ನು ಕರೆದುಕೊಂಡು ಸೈಟ್ ಆಫೀಸಿಗೆ ಹೋದೆ.

ಅಲ್ಲಿ ಕೂತಿದ್ದವನು ಅದೇ ಸುನಿಲ್‌ಕುಮಾರ್; ಸರ್ಕಾರದವನಲ್ಲ, ಗೋದಾಮಿನವರ ಇಂಜಿನಿಯರ್. ಒಳ್ಳೆಯ ಹುಡುಗ. ಬೈಯಲಿಲ್ಲ, ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ಅದರೊಳಗೆ ನಮ್ಮ ಮನೆಗಳೆಲ್ಲ ಬೆಂಕಿಪೊಟ್ಟಣದ ಹಾಗೆ ಸಾಲಾಗಿ ಕೂತಿದ್ದವು.

"ನೋಡಿ, ನಿಮ್ಮ ಕೇರಿ ಹಸಿರಲ್ಲಿದೆ. ಅಂದ್ರೆ ತೊಂದರೆ ಇಲ್ಲ ಅಂತ. ನಿಮ್ಮ ಲಿಮಿಟ್ಟು ಎಂಬತ್ತೈದು ಡೆಸಿಬೆಲ್, ಮಿಷಿನ್ ಸದ್ದು ಎಂಬತ್ಮೂರೇ."

"ಎಂಬತ್ತೈದು ಅಂತ ಯಾರ್ ಇಟ್ಟಿದ್ದು ಸಾ?"

"ಕೆಲಸ ಶುರುವಾಗೋ ಮೊದಲು ಇರೋ ಸದ್ದನ್ನ ಅಳೆದು, ಅದಕ್ಕೆ ಐದು ಸೇರಿಸ್ತೀವಿ. ನಿಮ್ಮಲ್ಲಿ ಅವತ್ತೇ ಎಂಬತ್ತಿತ್ತಲ್ಲ? ಯಜಮಾನ್ರ ಮನೇಲಿ ನಲವತ್ತೇಳು. ಅವರಿಗೆ ಐವತ್ತೆರಡು ಬಂತು, ಅದಕ್ಕೇ ಆ ತಗಡು."

ಪಿಳ್ಳಣ್ಣ ತನ್ನೆರಡು ಅಂಗೈ ನೋಡಿಕೊಂಡ. "ನಮ್ ಕೈಯಿಂದ್ಲೇ ನಮ್ ಕಿವಿಗ್ ಬಡಿಸ್ಬುಟ್ರಲ್ಲೋ ಮುನಿರಾಜ" ಎಂದ.

"ಅವ್ರು ಬಡೀರಿ ಅಂದ್ರು, ಬಡುದ್ವಿ ಸಾ. ನನ್ ಹೆಂಡ್ರು ರಾತ್ರಿಯೆಲ್ಲಾ ದುಡೀತಾಳೆ, ಹಗ್ಲೊತ್ತು ಮಲಗ್ಬೇಕು."

"ಸಾಫ್ಟ್‌ವೇರಲ್ಲಿ ನಿದ್ದೆ ಅಂದ್ರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಹಗಲು ನಿದ್ದೆ ಮಾಡೋರನ್ನ ಹಾಕೋಕೆ ಅದರಲ್ಲಿ ಜಾಗ ಇಲ್ಲ" ಎಂದ ಸುನಿಲ್‌ಕುಮಾರ್. ನಿಜವಾಗಿಯೂ ಬೇಜಾರಾದವನಂತೆ ಕಂಡ.

ಮೂಲೆಯ ಕುರ್ಚಿಯಿಂದ ಯಜಮಾನರು ಎದ್ದರು. "ಬಿರಿಯಾನಿ ಮೂಳೆ ಚೀಪೋವಾಗ ಕೇಳಿಸ್ಲಿಲ್ವೇನ್ಲಾ ಸದ್ದು? ರಿಪೋರ್ಟು ಹೋಗಾಯ್ತು. ಹಗ್ಲೊತ್ತೇ ಹೆಂಡ್ತೀನ ಮಲಗಿಸ್ಕಂತೀನಿ ಅಂತ ಬಂದವ್ನೆ, ಥೂ, ನಾಚ್ಕೆಗೆಟ್ಟೋನು! ನಡೀರ್ಲಾ ಆಚೆ!"

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ಆಚೆ ಬಂದೆ. ಆ ನಗು ಇವತ್ತಿಗೂ ಉರಿಯುತ್ತದೆ.

ಮರುದಿನ ಬೆಳಿಗ್ಗೆ ನರಸಮ್ಮ ವ್ಯಾನಿನಿಂದ ಇಳಿದು ಬಂದಾಗ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಏಳಾಯಿತು, ಬ್ರೇಕರ್ ಶುರುವಾಯಿತು. ಗೂಡಿನಲ್ಲಿದ್ದ ಲೋಟ ಉರುಳಿತು.

"ಅವ್ರ ಜಗ್ಲಿಗೆ ಎಷ್ಟಂದೆ?"

"ಐವತ್ತೆರಡು."

ಅವಳು ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು. ನನಗೆ ಭಯವಾಯಿತು. ನಮ್ಮ ಜನ ಯಾರೂ ಆ ಜಗಲಿ ಹತ್ತಿದವರಲ್ಲ.

"ಬ್ಯಾಡ ಕಣೇ. ಕೈಕಾಲು ಮುರಿಸ್ಬುಡ್ತಾರೆ."

"ಮುರುದ್ರೆ ಮುರೀಲಿ. ಮೊದ್ಲು ಒಸಿ ನಿದ್ದೆ ಮಾಡ್ತೀನಿ."

ನಾನು ಹಿಂದೆಯೇ ಓಡಿದೆ. ಅವಳು ಗೇಟು ತಳ್ಳಿ, ಮೆಟ್ಟಿಲೇರಿ, ಕೆಂಪು ಗಾರೆಯ ಮೇಲೆ ಚಾಪೆ ಹಾಸಿ ಮಲಗಿಯೇಬಿಟ್ಟಳು. ತಗಡಿನ ಈಚೆಗೆ ನಿಜಕ್ಕೂ ತಣ್ಣಗಿತ್ತು. ಗುಬ್ಬಿಗಳ ಸದ್ದು ಕೇಳುತ್ತಿತ್ತು.

ಕಾಫಿ ಲೋಟ ಹಿಡಿದು ಬಂದ ಯಜಮಾನರು ಬಾಗಿಲಲ್ಲೇ ನಿಂತರು. "ಏಯ್ ಮುಂಡೇ! ಯಾರ್ ಜಗ್ಲಿ ಅಂತ ಹತ್ತಿದ್ಯೇ? ಏಳೇ ಮೇಲೆ! ಒದ್ದು ಬೀದಿಗ್ ಹಾಕ್ತೀನಿ!"

ನರಸಮ್ಮ ಕಣ್ಣು ಬಿಡಲಿಲ್ಲ. "ಮೆತ್ಗೆ ಮಾತಾಡಿ ಯಜಮಾನ್ರೇ. ಇಲ್ಲಿಗೆ ಐವತ್ತೆರಡೇ ಅಂತೆ. ನಿಮ್ ಬಾಯಿ ದಾಟ್ತಾ ಐತೆ."

ಅಷ್ಟರಲ್ಲಿ ಪಾಳಿ ಮುಗಿಸಿದ್ದ ಉಳಿದ ಹನ್ನೊಂದು ಹೆಂಗಸರೂ ಚಾಪೆ ಹಿಡಿದು ಗೇಟಿನೊಳಗೆ ಬಂದು, ಒಬ್ಬರ ಪಕ್ಕ ಒಬ್ಬರು ಹಾಸಿಕೊಳ್ಳತೊಡಗಿದರು. ಯಜಮಾನರು ಫೋನು ತೆಗೆದು ಪೊಲೀಸರಿಗೆ ಹಚ್ಚಿದರು. ಆ ಕಡೆಯವರಿಗೆ ಅವರ ಮಾತು ಕೇಳಿಸುತ್ತಿರಲಿಲ್ಲವೋ ಏನೋ, ಮತ್ತೆ ಮತ್ತೆ ಕಿರುಚುತ್ತಿದ್ದರು. ನರಸಮ್ಮ ಆಗಲೇ ಗೊರಕೆ ಹೊಡೆಯುತ್ತಿದ್ದಳು.