ಸೂಜಿಮೊನೆಯಷ್ಟು ಗಾಯ

ಜೊತೆಯ ಫಿಟ್ಟರ್ ಜ್ವರವೆಂದು ಮಲಗಿದ್ದರಿಂದ ಮೇಷ್ಟ್ರು ಅಂದು ಸತತವಾಗಿ ಎರಡನೆಯ ಪಾಳಿಯನ್ನೂ ಹೊತ್ತಿದ್ದರು. ಅದು ಮುಗಿಯಲು ಇನ್ನು ಒಂದು ಗಂಟೆಯಿದೆ ಎನ್ನುವಾಗ ಎಣ್ಣೆಯ ಒತ್ತಡದಿಂದ ತಗಡನ್ನು ಬಾಗಿಸುವ ದೊಡ್ಡ ಪ್ರೆಸ್ಸಿನ ಬುಡದಲ್ಲಿ ಎಣ್ಣೆ ಜಿನುಗಿತು.

ಮೇಷ್ಟ್ರು ಎಂಬುದು ಕಾರ್ಖಾನೆ ಕೊಟ್ಟ ಅಡ್ಡಹೆಸರು. ಶಾಲೆಯ ಹಲಗೆಯನ್ನು ಅವರು ಮುಟ್ಟಿದವರಲ್ಲ. ಆದರೆ ಹೊಸದಾಗಿ ಸೇರಿದ ಪ್ರತಿಯೊಬ್ಬನನ್ನೂ ಎಣ್ಣೆಯ ಹೋಸ್ ಪೈಪಿನ ಮುಂದೆ ನಿಲ್ಲಿಸಿ, ಇಪ್ಪತ್ತೆರಡು ವರ್ಷಗಳಿಂದ ಒಂದೇ ಪಾಠವನ್ನು ಮಂತ್ರದಂತೆ ಒಪ್ಪಿಸುತ್ತ ಬಂದಿದ್ದರು: ಸೋರಿಕೆಯನ್ನು ಕೈಯಿಂದ ತಡಕಬೇಡಿ, ರಟ್ಟಿನ ತುಂಡು ಹಿಡಿಯಿರಿ, ಕಣ್ಣಿಗೆ ಕಾಣದ ಎಣ್ಣೆಯ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಹೋದರೆ ಕೆಲವೇ ಗಂಟೆಗಳಲ್ಲಿ ಮಾಂಸ ಸಾಯುತ್ತದೆ.

ಮೋಟಾರು ನಿಲ್ಲಿಸಿದರು. ಸದ್ದಡಗಿತು. ಆದರೆ ಮೋಟಾರು ನಿಂತ ಮೇಲೂ ಒತ್ತಡವನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುವ ಉಕ್ಕಿನ ಸಿಲಿಂಡರೊಂದು ಪ್ರೆಸ್ಸಿನ ಹಿಂದೆ ಇತ್ತು. ಅದನ್ನು ಬರಿದು ಮಾಡುವ ವಾಲ್ವನ್ನು ತಿರುಗಿಸಬೇಕಾದರೆ ಸುತ್ತು ಹಾಕಿ ಹೋಗಿ ಮಂಡಿಯೂರಬೇಕು. ದೇಹ ದಣಿದಾಗ ವಿವೇಕಕ್ಕೂ ಮಂಡಿನೋವು ಬರುತ್ತದೆ. ಮೇಷ್ಟ್ರು ಹೋಗಲಿಲ್ಲ. ರಟ್ಟು ಹುಡುಕಲೂ ಇಲ್ಲ. ಎಡ ಅಂಗೈಯನ್ನು ಪೈಪಿನ ಅಡಿಯಲ್ಲಿ ಮೆಲ್ಲನೆ ಎಳೆದರು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಅಂಗೈಗೆ ಕೊಡಲಿಲ್ಲ.

ಇರುವೆ ಕಚ್ಚಿದಂತಾಯಿತು, ಅಷ್ಟೆ.

ತೋರುಬೆರಳಿನ ಬುಡದಲ್ಲಿ ಒಂದು ಚುಕ್ಕೆ, ರಕ್ತವಿಲ್ಲ. ಅದೇನೆಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದನ್ನು ಬಟ್ಟೆಯಲ್ಲಿ ಒರೆಸಿ, ಈಗ ಹಿಂದೆ ಹೋಗಿ ಮಂಡಿಯೂರಿ ವಾಲ್ವ್ ತೆರೆದು, ಒತ್ತಡವಿಳಿಸಿ, ಪೈಪು ಬದಲಿಸತೊಡಗಿದರು.

ಪ್ರೆಸ್ ನಡೆಸುವವನು ಅವರ ಹೆಂಡತಿಯ ತಮ್ಮ. ಸ್ವಲ್ಪ ಹೊತ್ತು ನೋಡಿದವನು ಹತ್ತಿರ ಬಂದ.

"ಏನ್ ಭಾವ, ಎಡಗೈಗೆ ರಜಾ ಕೊಟ್ಟಿದೀರಾ?"

"ಪೈಪಿನ ತಂತಿ ತರಚ್ತು. ನಿನ್ನ ಕೆಲಸ ನೋಡ್ಕೋ."

"ತೋರಿಸಿ."

"ನೀನೇನು ಡಾಕ್ಟ್ರಾ? ನಿಮ್ಮಕ್ಕನ ಹಾಗೆ ಪ್ರಾಣ ತಿನ್ನಬೇಡ."

ಅವನು ಕೇಳದೆ ಕೈಯನ್ನೆಳೆದು ಬೆಳಕಿಗೆ ಹಿಡಿದ. ಮುಖದ ನಗೆ ಇಳಿಯಿತು.

"ತಂತಿ ತರಚಿದ್ರೆ ರಕ್ತ ಬರಲ್ವಾ? ಕೈಯಲ್ಲಿ ತಡಕಿದ್ರಿ ಅಲ್ವಾ? ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ!"

"ಕೂಗಬೇಡ ಮಾರಾಯ, ಎಲ್ಲಾ ಕೇಳಿಸ್ಕೋತಾರೆ. ನಿದ್ದೆ ಬಂದು ಸಾಯ್ತಿದೀನಿ. ನಾಳೆ ನೋಡೋಣ."

"ನಾಳೆ ನೋಡೋಕೆ ಬೆರಳಿರಬೇಕಲ್ಲ! ನಡೀರಿ. ಇಲ್ಲಾಂದ್ರೆ ಅಕ್ಕನಿಗೇ ಫೋನ್ ಮಾಡ್ತೀನಿ."

ಆ ಬೆದರಿಕೆಗೆ ಮೇಷ್ಟ್ರು ಎದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಅವರನ್ನಿಳಿಸಿ ಭಾವಮೈದುನ ಸ್ಕೂಟರ್ ನಿಲ್ಲಿಸಲು ಹೋದ. ಒಳಗೆ ತುರ್ತು ಕೋಣೆಯ ವೈದ್ಯೆ, ಅವರಷ್ಟೇ ಬಳಲಿದ್ದವಳು, ಚುಕ್ಕೆಯನ್ನು ನೋಡಿ ನಿಟ್ಟುಸಿರಿಟ್ಟಳು.

"ಇಷ್ಟಕ್ಕೆ ಬಂದ್ರಾ? ಏನೋ ಚುಚ್ಚಿದೆ. ಇಂಜೆಕ್ಷನ್ ತಗೊಂಡು, ಪಟ್ಟಿ ಹಾಕಿಸ್ಕೊಂಡು ಹೊರಡಿ."

ಹೊರಡಿ ಎಂಬ ಮಾತು ಮೇಷ್ಟ್ರಿಗೆ ವರದಂತೆ ಕೇಳಿಸಿತು. ಹೌದೆಂದರೆ ಇನ್ನರ್ಧ ಗಂಟೆಯಲ್ಲಿ ಹಾಸಿಗೆ. ವರದಿಯಿಲ್ಲ, ವಿಚಾರಣೆಯಿಲ್ಲ, ಕ್ಯಾಂಟೀನಿನಲ್ಲಿ ಹಲ್ಲುಕಿರಿಯುವವರಿಲ್ಲ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅಲ್ಲಗಳೆಯಬಲ್ಲ ಭಾವಮೈದುನ ಇನ್ನೂ ಹೊರಗಿದ್ದ. ನರ್ಸ್ ಪಟ್ಟಿಯ ಹಾಳೆಯನ್ನು ಬಿಡಿಸಿದಳು. ಮೇಷ್ಟ್ರು ಕೈ ನೀಡಿದರು. ನೀಡುವಾಗ ಬೆರಳನ್ನು ಮಡಚಲು ನೋಡಿದರು. ಅದು ಅರ್ಧಕ್ಕೇ ನಿಂತಿತು.

ಕೈಯನ್ನು ಹಿಂದಕ್ಕೆಳೆದುಕೊಂಡರು.

"ಪಟ್ಟಿ ಬೇಡಮ್ಮ. ಒಳಗೆ ಯಂತ್ರದ ಎಣ್ಣೆ ಹೋಗಿದೆ. ಲಾರಿ ಚಕ್ರದಲ್ಲಿರೋ ಗಾಳಿಗಿಂತ ಇಪ್ಪತ್ತು ಮೂವತ್ತು ಪಟ್ಟು ಒತ್ತಡ. ಹೊರಗೆ ಚುಕ್ಕೆ, ಒಳಗೆ ಹರಡಿರತ್ತೆ. ಕೊಯ್ದು ತೊಳೀಬೇಕು. ಸರ್ಜನ್‌ನ ಕರೀರಿ." ವೈದ್ಯೆಯ ಲೇಖನಿಯತ್ತ ಬೆರಳು ತೋರಿಸಿ ಸೇರಿಸಿದರು: "ಸೋರಿಕೇನ ಕೈಯಲ್ಲಿ ತಡಕಿದೆ. ತಪ್ಪು ಯಂತ್ರದ್ದಲ್ಲ, ನಂದೇ. ಹಾಗೇ ಬರ್ಕೊಳ್ಳಿ."

ವೈದ್ಯೆ ಲೇಖನಿಯನ್ನು ಕೆಳಗಿಟ್ಟು ಫೋನಿಗೆ ಕೈಚಾಚಿದಳು.

ಶಸ್ತ್ರವೈದ್ಯರು ಬಂದು ಬೆರಳನ್ನು ಒತ್ತಿ ನೋಡುವಷ್ಟರಲ್ಲಿ ಅದು ಬಿಗಿದು ಬಿಳಿಚಿತ್ತು. ಬಾಗಿಲಲ್ಲಿ ಭಾವಮೈದುನ ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದ.

"ಎಷ್ಟು ಹೊತ್ತಾಯ್ತು?" ಶಸ್ತ್ರವೈದ್ಯರು ಕೇಳಿದರು.

"ಒಂದೂಮುಕ್ಕಾಲು ಗಂಟೆ."

"ಹೆಚ್ಚಿನವರು ಮಾರನೇ ದಿನ ಬರ್ತಾರೆ. ಬೆರಳಿಂದ ಮಣಿಕಟ್ಟಿನವರೆಗೂ ಕೊಯ್ಯಬೇಕಾಗಬಹುದು."

"ಬೆರಳು ಉಳಿಯತ್ತಾ?"

"ತೆರೆದು ನೋಡದೆ ಹೇಳಲಾರೆ. ಕೈ ಉಳಿಯತ್ತೆ."

ಮೇಷ್ಟ್ರು ಬಲಗೈಯಿಂದ ಒಪ್ಪಿಗೆಪತ್ರಕ್ಕೆ ರುಜು ಹಾಕಿದರು. ನೋವು ಆಗಷ್ಟೇ ಹತ್ತತೊಡಗಿತ್ತು.